ದೊಡ್ಡಪ್ಪನ ಎಡೆಗೆ ಹೊಳೆಸೊಪ್ಪು

ನಮ್ಮ ದೊಡ್ಡಪ್ಪ ದೊಡ್ಡಮ್ಮನಿಗೆ ವರ್ಷಕ್ಕೊಮ್ಮೆ ಆಡುವ ಜಗಳವೊಂದಿತ್ತು. ಶಿಂಷಾ ಹೊಳೆಯಲ್ಲಿ ನೀರು ಇಳಿದು, ಮರಳು ಕಾಣಿಸಿಕೊಂಡು, ಆ ಮರಳಿನ ಮೇಲೆ ಎದ್ದ ಸೊಪ್ಪನ್ನು ದೊಡ್ಡಮ್ಮ ಕಿತ್ತು ತಂದು ಮೊದಲ ಸಲ ಉಪ್ಸಾರು ಮಾಡಿದ ದಿನ ಅದು ಶುರುವಾಗುತ್ತಿತ್ತು. ಕೈ ತೊಳೆಯುವ ಹೊತ್ತಿಗೆ ಮುಗಿಯುತ್ತಿತ್ತು. ಮಾತುಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಅವೇ.

"ಈ ಸೊಪ್ಪು ಮಾಳಯಕ್ಕೆ ಸಿಕ್ಕಕಿಲ್ಲ, ಅಲ್ವಾ?" ಎಂದು ದೊಡ್ಡಪ್ಪ ಮುದ್ದೆ ಮುರಿಯುತ್ತ ಕೇಳುತ್ತಿದ್ದರು. "ನಾ ಸತ್ರೆ ನನ್ ಎಡೆಗೆ ಇದ್ನ ಇಕ್ಕಕಾಗಕಿಲ್ಲ ನಿನ್ ಕೈಲಿ."

"ಯಾಕಾಗಕಿಲ್ಲ? ಇಕ್ತೀನಿ."

"ಒಳೆ ತುಂಬಿರ್ತದೆ ಕಣೆ ಆಗ. ಮುಳುಗಾಕಿ ಕುಯ್ಕಬತ್ತೀಯಾ?"

"ಮೊದ್ಲು ಸಾಯ್ರಿ, ಆಮೇಲ್ ನೋಡನ."

ನಾವೆಲ್ಲ ನಗುತ್ತಿದ್ದೆವು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆಮೇಲೆ ಬಲಗೈಯನ್ನು ಸುಮ್ಮನೆ ಮುಂದಕ್ಕೆ ಚಾಚಿ "ಉಪ್ಪು" ಎನ್ನುತ್ತಿದ್ದರು. ದೊಡ್ಡಮ್ಮ ಉಪ್ಸಾರಿಗೆ ಯಾವಾಗಲೂ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕುತ್ತಿದ್ದರು. ದೊಡ್ಡಪ್ಪ ಯಾವಾಗಲೂ ಕೇಳುತ್ತಿದ್ದರು. ಉಪ್ಪಿನ ಮರಿಗೆ, ಆ ಪುಟ್ಟ ಮರದ ಬಟ್ಟಲು, ಕೈಗೆ ಎಟುಕುವಷ್ಟು ಹತ್ತಿರವೇ ಇದ್ದರೂ ಅವರು ತಾವಾಗಿ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ತೀರಿಕೊಂಡವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಹಾಲಯ ಅಮಾವಾಸ್ಯೆಯ ದಿನ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ನಮ್ಮ ಕಡೆಯ ರೂಢಿ. ಅದನ್ನೇ ಎಡೆ ಇಡುವುದು ಎನ್ನುತ್ತೇವೆ. ಎಲೆಯ ಮೇಲೆ ಮಾಂಸದ ಸಾರಿರುತ್ತದೆ, ಕಜ್ಜಾಯವಿರುತ್ತದೆ, ಸೇದುವವರಾಗಿದ್ದರೆ ಬೀಡಿಯೂ ಇರುತ್ತದೆ. ಇಂಥದ್ದು ಇಡಬಾರದು ಎಂದೇನಿಲ್ಲ. ಸತ್ತವರಿಗೆ ಏನು ಬೇಕಿತ್ತು ಎನ್ನುವುದೊಂದೇ ಲೆಕ್ಕಕ್ಕೆ ಬರುವುದು. ಆದರೆ ಮಹಾಲಯ ಬರುವುದು ಮಳೆಗಾಲದ ಕೊನೆಗೆ. ಆಗ ಹೊಳೆಯಲ್ಲಿ ಕೆಂಪು ನೀರು ದಡ ಮುಟ್ಟಿ ಹರಿಯುತ್ತಿರುತ್ತದೆ. ದೊಡ್ಡಪ್ಪನ ವಾದದಲ್ಲಿ ತಪ್ಪಿರಲಿಲ್ಲ.

ಅವರು ಒಂದು ಕಾರ್ತಿಕದಲ್ಲಿ ತೀರಿಕೊಂಡರು. ಕಬ್ಬಿನ ಗದ್ದೆಯಿಂದ ಬಂದವರು ಜಗುಲಿಯ ಮೇಲೆ ಕೂತರು. ಮತ್ತೆ ಏಳಲಿಲ್ಲ. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ನನ್ನ ಅಪ್ಪ ಅಮ್ಮ ಇರುವುದು ಮಂಡ್ಯದಲ್ಲಿ. ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೇನೆ. ದೊಡ್ಡಮ್ಮನ ಊರು ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿಗೆ ದೂರವಲ್ಲದ ಹೊಳೆದಂಡೆ. ಎರಡು ಬಸ್ಸು ಬದಲಾಯಿಸಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುವುದು ನನಗೆ ಮೊದಲಿನಿಂದಲೂ ಅಭ್ಯಾಸ. ದೊಡ್ಡಪ್ಪ ಹೋದ ಮೇಲೂ ಹೋಗುತ್ತಿದ್ದೆ. ಮನೆಯಲ್ಲಿ ದೊಡ್ಡಮ್ಮನ ಜೊತೆ ಅವರ ಮಗ, ಎಂದರೆ ನನಗೆ ಅಣ್ಣ, ಮತ್ತು ಅತ್ತಿಗೆ ಇದ್ದರು.

ಆ ಮಾಘದಲ್ಲಿ ದೊಡ್ಡಮ್ಮ ನನ್ನನ್ನು ಹೊಳೆಗೆ ಕರೆದುಕೊಂಡು ಹೋದರು. ಹೊಳೆಯಲ್ಲಿ ಈಗ ಮೊದಲಿನಷ್ಟು ಮರಳಿಲ್ಲ. ನಾನು ಚಿಕ್ಕವಳಿದ್ದಾಗ ಆ ದಡದಿಂದ ಈ ದಡಕ್ಕೆ ಬಿಸಿಲಲ್ಲಿ ಬರಿಗಾಲಲ್ಲಿ ಓಡಲಾಗದಷ್ಟು ಅಗಲವಿತ್ತು. ಆಮೇಲೆ ಲಾರಿಗಳು ಬಂದವು. ಲಾರಿ ನಿಂತ ಮೇಲೆ ಗುಂಡಿಗಳು ಉಳಿದವು, ಗುಂಡಿಯಲ್ಲಿ ಪಾಚಿ ಕಟ್ಟಿದ ನೀರು ನಿಂತಿತು. ತಿರುವಿನಲ್ಲಿ, ಬಂಡೆಗಳು ಅಡ್ಡವಿದ್ದು ಲಾರಿ ಇಳಿಯಲಾಗದ ಕಡೆ ಮಾತ್ರ ಒಂದು ಪಟ್ಟಿ ಮರಳು ಹಾಗೇ ಇದೆ. ನಾವು ಹೋಗುತ್ತಿದ್ದುದು ಅಲ್ಲಿಗೆ.

ಖಾಲಿ ಮರಳು ಎಂದು ಜನ ಅನ್ನುತ್ತಾರೆ. ಅದು ಖಾಲಿಯಲ್ಲ. ನೆಗ್ಗಿಲು ಹಳದಿ ಹೂ ಬಿಟ್ಟುಕೊಂಡು, ಮುಳ್ಳುಕಾಯಿಗಳನ್ನು ಹೊಟ್ಟೆಯಡಿ ಬಚ್ಚಿಟ್ಟುಕೊಂಡು ಹರಡಿರುತ್ತದೆ. ಮರುಳುಮತ್ತಿಯ ಕಾಯಿ ಸೀರೆಯ ಅಂಚಿಗೆ ಹತ್ತಿ ಮನೆತನಕ ಬರುತ್ತದೆ. ಇವುಗಳ ನಡುವೆ, ನೆಲಕ್ಕೆ ಅಂಟಿಕೊಂಡು, ಊಟದ ತಟ್ಟೆಯಷ್ಟು ಅಗಲಕ್ಕೆ ದುಂಡಗೆ ಹಬ್ಬಿರುವುದೇ ಹೊಳೆಸೊಪ್ಪು. ಬೂದಿ ಬಳಿದಂಥ ಹಸಿರು. ಗಿಣ್ಣು ಗಿಣ್ಣಿಗೂ ಸುತ್ತುವರಿದ ಸಣ್ಣ ಎಲೆ, ಎಲೆಯ ಸಂದಿಯಲ್ಲಿ ಇದೆಯೋ ಇಲ್ಲವೋ ಎಂಬಂಥ ಬಿಳಿ ಹೂ. ಅದಕ್ಕೊಂದು ಲ್ಯಾಟಿನ್ ಹೆಸರಿದೆ, ನನಗೆ ಗೊತ್ತು. ಆ ಮನೆಯಲ್ಲಿ ಅದನ್ನು ಹೇಳಬೇಕಾದ ಸಂದರ್ಭ ಬಂದಿಲ್ಲ.

ವಾರ್ಷಿಕ ಸಸ್ಯ ಎಂದು ತರಗತಿಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಸಂಗತಿಯನ್ನು ಆ ಮರಳಿನ ಮೇಲೆ ನಿಂತರೆ ಬೇರೆ ರೀತಿ ಯೋಚಿಸಬೇಕಾಗುತ್ತದೆ. ನೀರು ಹೋಗಿ ಮತ್ತೆ ನೀರು ಬರುವುದರೊಳಗೆ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ಉಳಿದ ಕಾಲವೆಲ್ಲ ಬೀಜವಾಗಿ ನೀರಿನ ಅಡಿಯಲ್ಲಿ. ಲೆಕ್ಕ ಹಾಕಿದರೆ ಈ ಗಿಡ ಗಿಡವಾಗಿರುವುದಕ್ಕಿಂತ ಹೆಚ್ಚು ಕಾಲ ಬೀಜವಾಗಿಯೇ ಇರುತ್ತದೆ. ನಾವು ಕಂಡದ್ದನ್ನು ಬದುಕು ಎನ್ನುತ್ತೇವೆ, ಕಾಣದ್ದನ್ನು ಕಾಯುವುದು ಎನ್ನುತ್ತೇವೆ. ಗಿಡಕ್ಕೆ ಅಂಥ ಭೇದವಿರಲಿಕ್ಕಿಲ್ಲ.

ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ತಲೆಯೆತ್ತದೆ ಹೇಳಿದರು: "ಮಗಾ, ಇದ್ನ ಮಾಳಯಕ್ಕೆ ಬೆಳ್ಕೊಡು."

ನನಗೆ ತಕ್ಷಣ ಅರ್ಥವಾಯಿತು. ಆದರೂ "ಯಾಕೆ?" ಎಂದೆ.

"ಇಕ್ತೀನಿ ಅಂತ ಅಂದಿವ್ನಲ್ಲ. ಅಷ್ಟು ವರ್ಸ ಅಂದಿವ್ನಿ. ಈಗ ಮೊದಲ್ನೇ ಎಡೆಗೇ ಇಲ್ಲ ಅನ್ನುಸ್ಕಳದಾ?"

"ಈಗಲೇ ಒಣಗಿಸಿ ಇಟ್ಟುಕೊಂಡರೆ?"

"ಒಣಗ್ದುದ್ದು ಔಸ್ದಿ ಕಣಮ್ಮ, ಸೊಪ್ಪಲ್ಲ."

"ಫ್ರಿಜ್ಜಿನಲ್ಲಿ..."

ಅವರು ನನ್ನ ಮುಖ ನೋಡಿದರು. ಫ್ರಿಜ್ಜಿನ ವಿಷಯ ಅಲ್ಲಿಗೆ ಮುಗಿಯಿತು. ರಾತ್ರಿ ಉಳಿದ ಸಾರನ್ನು ಬೆಳಿಗ್ಗೆ ಬಿಸಿ ಮಾಡಿಕೊಟ್ಟರೆ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದ ಮನುಷ್ಯನ ವಿಷಯ ಮಾತಾಡುತ್ತಿದ್ದೇವೆ ಎಂದು ನನಗೆ ಆಗ ನೆನಪಾಯಿತು.

ಚೈತ್ರದಲ್ಲಿ ಕಾಯಿ ಒಡೆಯತೊಡಗಿದ ಮೇಲೆ ಮತ್ತೆ ಹೋಗಿ ಬೀಜ ತಂದೆ. ರಾಗಿಗಿಂತ ಎಷ್ಟೋ ಸಣ್ಣ, ಕಂದು, ಉಸಿರು ಬಿಟ್ಟರೆ ಹಾರಿಹೋಗುವಂಥವು. ಜೊತೆಗೆ ಎರಡು ಪೇಂಟ್ ಬಕೆಟ್ ತುಂಬ ಮರಳನ್ನೂ ತಂದೆ. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಊರಿನವರೊಬ್ಬರು ನಿಂತು ನೋಡಿ, "ಏನ್ ಮೇಡಮ್ನೋರು, ನೀವೂ ಮಳ್ಳು ದಂದೆ ಸುರು ಮಾಡುದ್ರಾ? ಬಕೀಟ್ನಲ್ಲಿ ಒತ್ರೆ ಯಾವಾಗ ಬಿಲ್ಡಿಂಗ್ ಕಟ್ಟೀರಿ?" ಎಂದರು.

ಬಕೆಟ್ಟಿನ ತಳಕ್ಕೆ ತೂತು ಹೊಡೆದು, ಮರಳು ತುಂಬಿ, ಬೀಜ ಉದುರಿಸಿ, ಹಿತ್ತಲಿನ ಗೋಡೆಯ ಪಕ್ಕ ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟೆ. ಒಂದೊಂದು ತಿಂಗಳು ಬಿಟ್ಟು ಒಂದೊಂದು ಸಲ ಬಿತ್ತಿದರೆ ಯಾವುದಾದರೂ ಒಂದು ಮಹಾಲಯಕ್ಕೆ ಸರಿಯಾಗಿ ಕುಡಿಗೆ ಬರುತ್ತದೆ ಎಂಬುದು ನನ್ನ ಯೋಜನೆ. ಎಲ್ಲರನ್ನೂ ಕರೆದು ಹೇಳಿದೆ: "ಯಾರೂ ನೀರು ಹಾಕಬೇಡಿ. ಶನಿವಾರ ನಾನೇ ಬಂದು ಎಷ್ಟು ಬೇಕೋ ಅಷ್ಟು ಹಾಕುತ್ತೇನೆ." ಎಲ್ಲರೂ ತಲೆಯಾಡಿಸಿದರು.

ಸಸಿ ಎದ್ದಿತು. ಅಲ್ಲಿಂದಾಚೆ ನಾನು ಹೋದಾಗೆಲ್ಲ ಅದು ನಾನು ಬಿಟ್ಟುಹೋದದ್ದಕ್ಕಿಂತ ಬೇರೆಯೇ ಆಗಿರುತ್ತಿತ್ತು. ಬೂದಿಬಣ್ಣ ಹೋಗಿ ಎಳೆ ಹಸಿರಾಯಿತು. ನೆಲಕ್ಕೆ ಅಂಟಬೇಕಾದದ್ದು ಕತ್ತು ಎತ್ತಿತು. ಎಲೆ ಅಗಲವಾಯಿತು, ಕಾಂಡ ಕುಂಬಳದ ಕುಡಿಯ ಹಾಗೆ ನೀರುನೀರಾಗಿ ದಪ್ಪವಾಯಿತು. ಹೂವಿನ ಸುಳಿವೇ ಇಲ್ಲ. ಮರಳು ಮುಟ್ಟಿದರೆ ಯಾವಾಗಲೂ ಒದ್ದೆ.

ಒಂದು ದಿನ ಕಾಲೇಜಿಗೆ ರಜೆಯಿದ್ದು, ಹೇಳದೆ ವಾರದ ನಡುವೆ ಹೋದೆ. ಹಿತ್ತಲ ಬಾಗಿಲಿನಲ್ಲಿ ನಿಂತಿದ್ದೆ. ಅತ್ತಿಗೆ ಅಕ್ಕಿ ತೊಳೆದ ಪಾತ್ರೆ ಹಿಡಿದು ಬಂದವರು ಯೋಚನೆಯನ್ನೇ ಮಾಡದೆ ಎರಡೂ ಬಕೆಟ್ಟಿಗೆ ಸಮನಾಗಿ ಬಗ್ಗಿಸಿದರು. ಸ್ವಲ್ಪ ಹೊತ್ತಿಗೆ ಅಣ್ಣ ಗದ್ದೆಯಿಂದ ಬಂದು ಕಾಲು ತೊಳೆದು, ಚೆಂಬಿನಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಸುರಿದ.

"ನೀರು ಹಾಕಬೇಡಿ ಅಂದಿದ್ದೆ," ಎಂದೆ.

ಅತ್ತಿಗೆಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀರೆಲ್ಲಿ ಆಕುದ್ನಿ? ಅದು ಅಕ್ಕಚ್ಚು ಕಣಮ್ಮ!"

"ನೀನು?" ಎಂದು ಅಣ್ಣನನ್ನು ಕೇಳಿದೆ.

"ಒಂದ್ ಚೆಂಬ್ಗೆ ಏನಾದದು? ಬಿಸ್ಲಲ್ಲಿ ಬಂದಿವ್ನಿ, ನಂಗೇ ಗಂಟ್ಲು ಒಣಗದೆ. ಅದ್ಕೆ ಒಣಗಿರಕಿಲ್ವಾ?" ಆಮೇಲೆ ಒಂದು ಬಗೆಯ ಹೆಮ್ಮೆಯಿಂದ ಸೇರಿಸಿದ: "ಒಂಚೂರು ಯೂರಿಯಾನೂ ಕೊಟ್ಟಿದ್ದೆ ಕಣಪ್ಪ. ನೋಡು, ಎಂಗ್ ಬಂದದೆ! ನೀ ಒಬ್ಳೇ ನೋಡ್ಕಂಡಿದ್ರೆ ಇಂಗ್ ಬತ್ತಿತ್ತಾ?"

ಒಳಗಿನಿಂದ ಬಂದ ದೊಡ್ಡಮ್ಮನ ಕಡೆ ತಿರುಗಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಬೆಳಿಗ್ಗೆ ಒಂಚೂರು ಚಿಮುಕುಸ್ತೀನಿ. ಬರೀ ಚಿಮುಕುಸೋದು," ಎಂದರು. ಅಣ್ಣ ಜೋರಾಗಿ ನಕ್ಕ. "ಅವ್ವಾ, ನೀನೂನಾ!"

ನನಗೆ ಕೋಪ ಬರಲಿಲ್ಲ. ಬರಬೇಕಿತ್ತೇನೋ. ಇದು ನಾಲೆ ನೀರಿನ ಮನೆ. ಗದ್ದೆಗೆ ನೀರು ಬಿಟ್ಟರು ಎನ್ನುವ ಸುದ್ದಿಗಿಂತ ಒಳ್ಳೆಯ ಸುದ್ದಿ ಇಲ್ಲಿ ಇನ್ನೊಂದಿಲ್ಲ. ಭತ್ತಕ್ಕೂ ಕಬ್ಬಿಗೂ ನೀರು ಕಟ್ಟಿ ಬೆಳೆದ ಜನರಿಗೆ ಒಣಗಿದ ಮಣ್ಣಿನ ಪಕ್ಕದಲ್ಲಿ ತುಂಬಿದ ಚೆಂಬು ಹಿಡಿದು ಸುಮ್ಮನೆ ಹಾದುಹೋಗುವುದು ಆಗುವ ಮಾತಲ್ಲ. ನೀರು ಕೊಡುವುದು ಅಂದರೆ ನೋಡಿಕೊಳ್ಳುವುದು. ನೀರು ಬೇಡದ ಗಿಡ ಇದೆ ಎಂದು ನಾನು ಹೇಳಿದ್ದನ್ನು ಅವರು ಹಬ್ಬದ ಮನೆಯಲ್ಲಿ ಊಟ ಬೇಡ ಎನ್ನುವ ನೆಂಟರ ಮಾತಿನ ಹಾಗೆ ಕೇಳಿಸಿಕೊಂಡಿದ್ದರು, ಸಂಕೋಚಕ್ಕೆ ಹೇಳುತ್ತಿದ್ದಾಳೆ ಎಂದು.

ದೊಡ್ಡಮ್ಮ ಬಗ್ಗಿ ಒಂದು ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡರು. ಅಗಿದರು. ಮತ್ತೆ ಅಗಿದರು. ಹೊಳೆಸೊಪ್ಪಿನ ಗುರುತೇ ಕಹಿ. ಮೊದಲು ಗೊತ್ತಾಗುವುದಿಲ್ಲ, ಮುದ್ದೆ ನುಂಗಿದ ಮೇಲೆ ಗಂಟಲಿನ ಹತ್ತಿರ ನಿಧಾನವಾಗಿ ಏಳುತ್ತದೆ, ಅದರ ಹಿಂದೆಯೇ ಸಿಹಿಯಂಥದ್ದೊಂದು ಬರುತ್ತದೆ. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಅದನ್ನೇ ಕೊಡುವುದು.

ಅವರು ಅಗಿದದ್ದನ್ನು ಗೋಡೆಯ ಬುಡಕ್ಕೆ ಉಗಿದರು. "ಸೊಪ್ಪಲ್ಲ ಕಣಮ್ಮ ಇದು. ನೀರು."

ಅಣ್ಣನ ಮುಖದ ನಗು ಹೋಯಿತು. ಮುಂದಿನ ವಾರ ಕಾಂಡಗಳು ಬುಡದಿಂದ ಕೊಳೆತು ಮಲಗಿದವು. ಅತ್ತಿಗೆ ಅಕ್ಕಚ್ಚನ್ನು ಮತ್ತೆ ಎಮ್ಮೆ ಕುಡಿಯುವ ಬಾನಿಗೆ ಹಾಕತೊಡಗಿದರು.

ಉಳಿದ ಬೀಜವನ್ನೂ ಬಕೆಟ್ಟುಗಳನ್ನೂ ನಾನು ಮಳವಳ್ಳಿಗೆ ಒಯ್ದೆ. ನನ್ನ ರೂಮಿನ ಮೇಲೆ ತಾರಸಿ, ಅಲ್ಲಿಗೆ ನನ್ನನ್ನು ಬಿಟ್ಟರೆ ಯಾರೂ ಬರುವುದಿಲ್ಲ. ಬೇಕಾದಷ್ಟೇ ನೀರು, ಬೇಕಾದಷ್ಟೇ ಬಿಸಿಲು ಕೊಟ್ಟೆ. ಒಂದು ಬೀಜವೂ ಏಳಲಿಲ್ಲ. ಬಕೆಟ್ಟಿನ ಮರಳು ಬಕೆಟ್ಟಿನ ಮರಳಾಗಿಯೇ ಉಳಿಯಿತು. ಹೊಳೆಯಲ್ಲಿ ಈ ಬೀಜಗಳು ತಿಂಗಳುಗಟ್ಟಲೆ ಮುಳುಗಿ, ಆಮೇಲೆ ಒಣಗಿ, ಕಾದು, ಯಾವುದೋ ಒಂದು ಗಳಿಗೆಯಲ್ಲಿ ಏಳುತ್ತವೆ. ಮೊದಲ ಸಲ ಎದ್ದವು ಹಳೆಯ ವರ್ಷದ ಬೀಜಗಳಿರಬಹುದು, ನಾನು ತಂದ ಮರಳಿನಲ್ಲೇ ಇದ್ದವು. ಹೊಸ ಬೀಜಕ್ಕೆ ಇನ್ನೂ ಕಾಲ ಬಂದಿರಲಿಲ್ಲವೇನೋ. ಇದೆಲ್ಲ ಊಹೆ. ನನಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ, ಆಷಾಢ ಮುಗಿಯುತ್ತ ಬಂದಿತ್ತು, ಹೊಳೆಗೆ ನೀರು ಬಂದಿತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಒಂದು ಸಂಜೆ ದೊಡ್ಡಮ್ಮ ಫೋನು ಮಾಡಿದರು. ಅದೂ ಇದೂ ಕೇಳಿದರು. ಕೊನೆಗೆ, "ಆಗ್ನಿಲ್ಲ ಅಂದ್ರೆ ಬುಡು ಮಗಾ. ಅವ್ರೇ ಗೆದ್ರು ಅನ್ಕತೀನಿ," ಎಂದರು.

ಸೋತದ್ದಕ್ಕೆ ಅವರಿಗೆ ಬೇಜಾರಾಗಿಲ್ಲ ಎಂದು ಆ ದನಿಯಲ್ಲಿ ಗೊತ್ತಾಗುತ್ತಿತ್ತು. ಜಗಳ ಮುಗಿದುಹೋಗುತ್ತದಲ್ಲ, ಬೇಜಾರು ಅದಕ್ಕೆ. ಎಡೆಯಲ್ಲಿ ಹೊಳೆಸೊಪ್ಪಿಲ್ಲದಿದ್ದರೆ ದೊಡ್ಡಪ್ಪ ಹೇಳಿದ್ದೇ ಕೊನೆಯ ಮಾತಾಗುತ್ತದೆ. ಅದಕ್ಕೆ ಎದುರಾಡಲು ಮತ್ತೆ ಏನೂ ಉಳಿಯುವುದಿಲ್ಲ. ನಾನು "ನೋಡೋಣ" ಎಂದು ಫೋನಿಟ್ಟೆ. ಆ ವಾರ ಮದ್ದೂರಿನ ಸಂತೆಯಲ್ಲಿ ಸೊಪ್ಪು ಮಾರುವವರನ್ನೆಲ್ಲ ಕೇಳಿಕೊಂಡು ಬಂದೆ. "ಬ್ಯಾಸ್ಗೇಲಿ ಬಾವ್ವ," ಎಂದರು ಒಬ್ಬರು, ನಾನು ಮಾವಿನಹಣ್ಣು ಕೇಳಿದೆನೇನೋ ಎಂಬಂತೆ.

ದೊಡ್ಡಮ್ಮನ ಮನೆಯ ಪಕ್ಕದಲ್ಲಿ ಒಂದು ಮರಳಿನ ಗುಡ್ಡೆಯಿದೆ. ಹೊಳೆಯಿಂದ ಮರಳು ತರುವುದಕ್ಕೆ ಯಾರೂ ತಡೆಯದಿದ್ದ ಕಾಲದಲ್ಲಿ ದೊಡ್ಡಪ್ಪ ಎತ್ತಿನ ಗಾಡಿಯಲ್ಲಿ ತಂದು ಸುರಿದದ್ದು. ಮೇಲೊಂದು ರೂಮು ಕಟ್ಟುವ ಆಸೆ. ರೂಮು ಆಗಲಿಲ್ಲ, ಮರಳು ಉಳಿಯಿತು. ನೀಲಿ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಮುಚ್ಚಿದ್ದರು. ಈಗ ಎಲ್ಲರೂ ಎಂ ಸ್ಯಾಂಡ್ ಹಾಕಿಸುವುದರಿಂದ ಊರಿನಲ್ಲಿ ಹೊಳೆಮರಳಿನ ಗುಡ್ಡೆ ಅದೊಂದೇ. ಆ ಶ್ರಾವಣದಲ್ಲಿ ಬಚ್ಚಲಮನೆಯ ಗೋಡೆ ಗಾರೆ ಬಿಟ್ಟಿತೆಂದು ಅಣ್ಣ ಟಾರ್ಪಾಲು ತೆಗೆದು ಒಂದು ಕಡೆಯಿಂದ ಮರಳು ತೋಡಿ ಬಳಸಿದ. ಮತ್ತೆ ಮುಚ್ಚಲಿಲ್ಲ. ಅದರ ಮೇಲೆ ಮಳೆ ಬಂತು, ಬಿಸಿಲೂ ಬಂತು.

ವರಮಹಾಲಕ್ಷ್ಮಿ ಹಬ್ಬದ ಮರುವಾರ ಹೋದವಳು ಕೈಕಾಲು ತೊಳೆಯಲೆಂದು ಆ ಕಡೆಯಿಂದ ಬಳಸಿ ಹೋದೆ. ತೋಡಿದ ಜಾಗದಲ್ಲಿ, ಒಳಗಿನ ಹಳೆಯ ಮರಳು ಬೆಳಕಿಗೆ ಬಿದ್ದ ಕಡೆ, ಚುಕ್ಕಿ ಇಟ್ಟ ಹಾಗೆ ಸಸಿಗಳಿದ್ದವು. ಒಂದೆರಡು ನೆಗ್ಗಿಲು. ಒಂದು ಗೋಣಿಸೊಪ್ಪು. ಉಳಿದವು ಬೂದಿಹಸಿರು.

ನಾನು ಕೂತು ನೋಡಿದೆ. ಅನುಮಾನವಿರಲಿಲ್ಲ. ಎಷ್ಟು ವರ್ಷ ಆ ಗುಡ್ಡೆಯೊಳಗೆ ಕತ್ತಲಲ್ಲಿ ಕೂತಿದ್ದವೋ. ಈ ಸುತ್ತಿನಲ್ಲಿ, ಬೆಂಗಳೂರಿನಲ್ಲೂ, ಶಿಂಷೆಯ ಮರಳಿನಲ್ಲಿ ಕಟ್ಟಿದ ಮನೆಗಳ ಗೋಡೆಗಳಲ್ಲೆಲ್ಲ ಇಂಥ ಬೀಜಗಳಿರಬೇಕು, ಸಿಮೆಂಟಿನಲ್ಲಿ ಸುಟ್ಟುಹೋಗಿ. ಇವು ಮಾತ್ರ ಕಟ್ಟದೇ ಹೋದ ಒಂದು ರೂಮಿನಿಂದಾಗಿ ಉಳಿದುಕೊಂಡಿದ್ದವು.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಂತೋಷಪಡುತ್ತಾರೆ, ಸಂತೋಷವಾದರೆ ನೀರು ಹಾಕುತ್ತಾರೆ. ಅಣ್ಣನಿಗೆ ಇಷ್ಟು ಮಾತ್ರ ಹೇಳಿದೆ: "ಆ ಕಡೆಯಿಂದ ಮರಳು ತೆಗೀಬೇಡ."

"ಯಾಕೆ?"

"ಸುಮ್ಮನೆ."

ಅವನು ನನ್ನನ್ನೊಮ್ಮೆ ನೋಡಿ, "ಆಯ್ತು ಮೇಡಮ್ನೋರೆ," ಎಂದ. ಅವನು ಆ ಕಡೆ ಹೋಗಲೇ ಇಲ್ಲ.

ಮುಂದಿನ ಸಲ ಹೋದಾಗ ಗುಡ್ಡೆಯ ಆ ಭಾಗಕ್ಕೆ ಯಾರೋ ಜಾಲಿಮುಳ್ಳು ಕಡಿದು ಅಡ್ಡ ಹಾಕಿದ್ದರು. "ಅದೇನು ಮುಳ್ಳು?" ಎಂದು ಆದಷ್ಟು ಸಾಧಾರಣ ದನಿಯಲ್ಲಿ ದೊಡ್ಡಮ್ಮನನ್ನು ಕೇಳಿದೆ. "ನಾಯ್ಗೋಳು ಬಂದು ಮನಿಕತವೆ," ಎಂದರು. ಅವರು ಹುರುಳಿ ಆರಿಸುತ್ತಿದ್ದರು. ನನಗೆ ಸಮಾಧಾನವಾಯಿತು. ನಾಯಿಗಳ ಮೇಲೆ ಕೃತಜ್ಞತೆಯೂ ಹುಟ್ಟಿತು.

ಅಲ್ಲಿಂದ ನಾನು ಹೋದಾಗೆಲ್ಲ ಕೈ ತೊಳೆಯುವ ನೆವದಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಸಸಿಗಳು ನೆಲಕ್ಕೆ ಅಂಟಿ ಹಬ್ಬುತ್ತಿದ್ದವು. ಹೊಳೆಯಲ್ಲಿದ್ದಷ್ಟು ಅಗಲವಿಲ್ಲ. ಮಳೆ ಹೆಚ್ಚಾದ ವಾರ ಒಂದೆರಡು ಕೊಚ್ಚಿಹೋದವು, ಒಂದನ್ನು ಕೋಳಿ ಕೆದಕಿತು. ನಾನು ಎಣಿಸುವುದನ್ನು ಬಿಟ್ಟೆ. ದೊಡ್ಡಮ್ಮ ಎಡೆಯ ಮಾತೇ ಎತ್ತುತ್ತಿರಲಿಲ್ಲ. ಅವರು ಆಸೆ ಬಿಟ್ಟಿದ್ದಾರೆ ಎಂದುಕೊಂಡೆ. ಅಷ್ಟು ದಿನ ಅವರನ್ನು ಹಾಗೆ ಬಿಟ್ಟಿರುವುದು ಸರಿಯೇ ಎಂಬ ಪ್ರಶ್ನೆ ಬಸ್ಸಿನಲ್ಲಿ ಕೂತಾಗಲೆಲ್ಲ ಬರುತ್ತಿತ್ತು. ಆದರೂ ಹೇಳಲಿಲ್ಲ. ಒಮ್ಮೆ ಹೇಳಿ ಆಮೇಲೆ ಸಸಿ ಉಳಿಯದಿದ್ದರೆ ಅವರು ಎರಡು ಸಲ ಸೋಲಬೇಕಾಗುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಬೇಗ ಹೊರಟು ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ಚೀಲ ಜಗುಲಿಯ ಮೇಲಿಟ್ಟು ನೇರ ಗುಡ್ಡೆಯ ಕಡೆ ಹೋದೆ. ಜಾಲಿಮುಳ್ಳು ಪಕ್ಕಕ್ಕೆ ಸರಿದಿತ್ತು. ದೊಡ್ಡಮ್ಮ ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದರು. ಕೈ ಹಾಕುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು.

ನನ್ನ ಹೆಜ್ಜೆಯ ಸದ್ದಿಗೆ ತಿರುಗಿದರು.

"ನೀನು ನೋಡಿದ್ದೆ, ಅಲ್ವಾ?" ಎಂದರು.

"ಹೂಂ."

"ಯಾವಾಗಿಂದ?"

"ವರಮಹಾಲಕ್ಷ್ಮಿ ಆದಾಗಿನಿಂದ."

"ನಾನು ಅಬ್ಬದ ದಿನ್ವೇ ನೋಡ್ದೆ. ಬಾಗ್ಲಿಗೆ ಮಾವಿನ್ಸೊಪ್ಪು ಕಟ್ಟಿ ಇಂಗ್ ಬಂದೆ, ಕಂಡ್ತು."

"ಮತ್ತೆ ನಾಯಿ ಅಂದಿರಿ?"

"ಇನ್ನೇನನ್ನನೆ? ನೀ ಬಂದು ಎಲ್ಲಾರ್ಗೂ ಪಾಟ ಮಾಡ್ತೀಯ, ಅವ್ನು ಕೇಳುಸ್ಕಂಡು ಯೂರಿಯಾ ತತ್ತಾನೆ, ಅವ್ಳು ಅಕ್ಕಚ್ಚು ತತ್ತಾಳೆ. ಬ್ಯಾಡಪ್ಪಾ ಅಂತ ಸುಮ್ಕಿದ್ದೆ." ಮುಳ್ಳಿನ ಕಡೆ ಕೈ ತೋರಿಸಿದರು: "ನಂಗೇ ಕೈ ತಡೀತಿರ್ನಿಲ್ಲ ಕಣೆ. ಬೆಳಿಗ್ಗೆ ಚೆಂಬು ಇಡ್ಕಂಡು ಇಲ್ಲಿಗಂಟ ಬತ್ತಿದ್ದೆ, ತಿರ್ಗ ಓಯ್ತಿದ್ದೆ. ಅದ್ಕೇ ಮುಳ್ಳಾಕುದ್ದು. ನಾಯ್ಗಲ್ಲ, ನಂಗೆ."

ನಾನು ಅವರ ಪಕ್ಕ ಕೂತೆ. ಒಂದೇ ಗುಟ್ಟನ್ನು ಒಂದೇ ಮನೆಯಲ್ಲಿ, ಅದೇ ಜನರಿಂದ, ಒಬ್ಬರಿಗೊಬ್ಬರು ತಿಳಿಯದ ಹಾಗೆ ಅಷ್ಟು ದಿನ ಕಾದಿದ್ದೆವು. ಇಬ್ಬರೂ ಕುಡಿ ಚಿವುಟಿದೆವು. ಎಲ್ಲ ಸೇರಿ ಒಂದು ಹಿಡಿಯಾಯಿತು, ಬೆಂದರೆ ಅರ್ಧ ಹಿಡಿ. ಹೂ ಬಿಟ್ಟಿದ್ದ ಒಂದನ್ನು ನಾನು ಮುಟ್ಟಲಿಲ್ಲ. ದೊಡ್ಡಮ್ಮ ಅದನ್ನು ನೋಡಿದರು, ಅವರೂ ಮುಟ್ಟಲಿಲ್ಲ.

ಮರುದಿನ ಎಡೆಗೆ ಎಲ್ಲವೂ ಆಯಿತು. ಅತ್ತಿಗೆ ಕಜ್ಜಾಯ ಮಾಡಿದರು, ಅಣ್ಣ ಬೆಳಿಗ್ಗೆಯೇ ಹೋಗಿ ಮಾಂಸ ತಂದ. ಹೊಳೆಸೊಪ್ಪನ್ನು ಮಾತ್ರ ದೊಡ್ಡಮ್ಮ ಸಣ್ಣ ಪಾತ್ರೆಯಲ್ಲಿ ಬೇರೆ ಒಲೆಯ ಮೇಲೆ ಅಲಸಂದೆಯ ಜೊತೆ ಬೇಯಿಸಿ, ತಾವೇ ಬಸಿದು, ತಾವೇ ಖಾರ ಅರೆದರು. ಯಾರಿಗೂ ಕೈ ಹಾಕಲು ಬಿಡಲಿಲ್ಲ. "ಎಲ್ಲಿತ್ತವ್ವಾ ಇದು?" ಎಂದು ಅಣ್ಣ ಕೇಳಿದ್ದಕ್ಕೆ, "ನಿಮ್ಮಪ್ಪನೇ ತಂದು ಮಡಗಿದ್ರು," ಎಂದರು. ಅವನು ನನ್ನ ಮುಖ ನೋಡಿದ. ನಾನು ಎಲೆ ಒರೆಸುತ್ತಿದ್ದೆ.

ಎಲೆ ಹಾಕಿ ಎಲ್ಲ ಬಡಿಸಿದ ಮೇಲೆ ನಾವು ಹೊರಗೆ ಬಂದೆವು. ದೊಡ್ಡಮ್ಮ ಕೊನೆಗೆ ಬಂದು ಬಾಗಿಲು ಎಳೆದುಕೊಂಡರು. ಜಗುಲಿಯ ಮೇಲೆ ಎಲ್ಲರೂ ನಿಂತಿದ್ದೆವು. ಅಣ್ಣ ಕೆಮ್ಮಿದ. ಬೇಲಿಯ ಆಚೆ ಯಾರದೋ ಟ್ರಾಕ್ಟರು ಹೋಯಿತು. ಮುಚ್ಚಿದ ಬಾಗಿಲಿಗೆ ಮುಖ ಮಾಡಿ ದೊಡ್ಡಮ್ಮ ಮೆಲ್ಲಗೆ, ಆದರೆ ನಮಗೆಲ್ಲ ಕೇಳಿಸುವ ಹಾಗೆ ಹೇಳಿದರು: "ಏನಂದಿದ್ರಿ? ಆಗಕಿಲ್ಲ ಅಂದಿದ್ರಲ್ಲ. ಈಗ ಉಣ್ಣಿ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ನಾನು ನೋಡಲಿಲ್ಲ.

ಬಾಗಿಲು ತೆಗೆದು ಒಳಗೆ ಹೋದ ಮೇಲೆ ಎಡೆಯ ಎಲೆಯಿಂದ ಎಲ್ಲರಿಗೂ ಒಂದೊಂದು ತುತ್ತು ಹಂಚುವುದು. ನನ್ನ ಪಾಲಿಗೆ ಬಂದ ಮುದ್ದೆಯ ಚೂರನ್ನು ಉಪ್ಸಾರಿನಲ್ಲಿ ಅದ್ದಿ ನುಂಗಿದೆ. ಮೊದಲು ಏನೂ ಇಲ್ಲ. ಆಮೇಲೆ ಗಂಟಲಿನ ಹತ್ತಿರ ಕಹಿ ಎದ್ದಿತು. ಹೊಳೆಯ ಸೊಪ್ಪಿನಷ್ಟಿಲ್ಲ. ಮಳೆ ತಿಂದ ಗಿಡ, ಅಷ್ಟು ಬರಲಾರದು. ಆದರೆ ಕಹಿಯೇ.

ಅಣ್ಣ ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದ. "ಅವ್ವಾ, ಇದ್ಕೆ ಉಪ್ಪೇ ಆಕಿಲ್ಲ ನೀನು."

"ಗೊತ್ತು," ಎಂದರು ದೊಡ್ಡಮ್ಮ.

"ಎಡೆಗೆ ಇಕ್ಕೋದ್ನ ಇಂಗೆ ಸಪ್ಪೆ ಮಾಡೋದಾ?"

"ಬೇಕಾದೋರು ಕೇಳ್ತಾರೆ ಬುಡ್ಲಾ."

ನಾನು ಎಲೆಯ ಕಡೆ ನೋಡಿದೆ. ಬಾಗಿಲು ಮುಚ್ಚುವ ಮೊದಲು ಅವರು ಅದನ್ನು ಯಾವಾಗ ತಂದಿಟ್ಟರೋ ನಾನು ಕಂಡಿರಲಿಲ್ಲ. ಎಲೆಯ ಬಲಗಡೆ, ಕೂತವರು ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ, ಉಪ್ಪಿನ ಮರಿಗೆಯಿತ್ತು.